ಅಂಕಗಳ ಕೆಳಗೆ ಇನ್ನೆರಡು ಸಾಲು



ವರ್ಷದ ಆರಂಭದಲ್ಲಿ ನನ್ನ ತರಗತಿಯಲ್ಲಿ ಒಂದೊಂದು ಹಾಳೆ ಹಂಚಿ, ‘ಈ ವರ್ಷದ ನಿಮ್ಮ ಗುರಿಗಳನ್ನು ಬರೆಯಿರಿ’ ಎಂದು ಹೇಳುವುದು ನನ್ನ ರೂಢಿ. ಹಾಳೆಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. 600ಕ್ಕೆ 560, ನೀಟ್, ಸಿಇಟಿ, ಸಿಎ ಫೌಂಡೇಶನ್. ಇದರಲ್ಲಿ ತಪ್ಪೇನೂ ಇಲ್ಲ. ನಿಮ್ಮನ್ನು ಈ ಕಾಲೇಜಿಗೆ ಕಳುಹಿಸಿದ್ದೇ ಅದಕ್ಕಾಗಿ. ಆದರೆ ಕಳೆದ ವರ್ಷದಿಂದ ಅಂಕಗಳ ಕೆಳಗೆ ಇನ್ನೆರಡು ಸಾಲು ಬರೆಯಲು ಹೇಳುತ್ತಿದ್ದೇನೆ. ಒಂದು, ಮನೆಯವರ ಜೊತೆ ಸೇರಿ ಮಾಡುವಂಥದ್ದು. ಇನ್ನೊಂದು, ನಿಮ್ಮ ಕೈಯಿಂದ ನೀವೇ ಏನಾದರೂ ರಚಿಸುವಂಥದ್ದು.

ಬಂದ ಉತ್ತರಗಳು: ‘ಕುಟುಂಬಕ್ಕೆ ಹೆಚ್ಚು ಸಮಯ ಕೊಡುತ್ತೇನೆ.’ ‘ಚಿತ್ರಕಲೆ ಕಲಿಯುತ್ತೇನೆ.’ ಇವು ಗುರಿಗಳಲ್ಲ, ಆಸೆಗಳು. ಅಂಕದ ಸಾಲಿನಲ್ಲಿ ಸಂಖ್ಯೆಯಿದೆ, ಪರೀಕ್ಷೆಯ ತಿಂಗಳಿದೆ. ಮನೆಯ ಸಾಲಿನಲ್ಲಿ ಎರಡೂ ಇಲ್ಲ. ಎಡ್ವಿನ್ ಲಾಕ್ ಎಂಬ ಅಮೆರಿಕದ ಮನೋವಿಜ್ಞಾನಿ 1960ರ ದಶಕದಿಂದಲೂ ತೋರಿಸುತ್ತ ಬಂದದ್ದು ಇದನ್ನೇ. ‘ಕೈಲಾದಷ್ಟು ಮಾಡು’ ಎಂದು ಹೇಳಿಸಿಕೊಂಡವರಿಗಿಂತ, ನಿರ್ದಿಷ್ಟವಾದ, ಸ್ವಲ್ಪ ಕಷ್ಟವೂ ಆದ ಗುರಿ ಇಟ್ಟುಕೊಂಡವರು ಹೆಚ್ಚು ಕೆಲಸ ಮಾಡುತ್ತಾರೆ.

ಹಾಗೆಂದು ‘ವಾರಕ್ಕೆ 5 ಗಂಟೆ ಅಮ್ಮಿಯ ಜೊತೆ’ ಎಂದು ಬರೆದರೆ ಅದು ಹಾಜರಿ ಪುಸ್ತಕವಾಗುತ್ತದೆ. ಪ್ರೀತಿಯನ್ನು ಎಣಿಸಬೇಡಿ, ಕೆಲಸವನ್ನು ಎಣಿಸಿ. ‘ಮಾರ್ಚ್ ಒಳಗೆ ದಾದಿಯ 10 ಅಡುಗೆಗಳನ್ನು ಅವರ ಮಾತಿನಲ್ಲೇ ಬರೆದಿಡುತ್ತೇನೆ’ ಎಂದರೆ ಆಯಿತು. ದಾದಿ ‘ಒಂದು ಹಿಡಿ’ ಎಂದರೆ ಹಿಡಿ ಎಂದೇ ಬರೆಯಿರಿ. ಆಮೇಲೆ ಆ ಹಿಡಿಯನ್ನು ಲೋಟದಲ್ಲಿ ಅಳೆದು ಪಕ್ಕದಲ್ಲಿ ಬರೆದುಕೊಳ್ಳಿ. ಇಲ್ಲಿ ಹುಡುಗರಿಗೆ ಒಂದು ಮಾತು. ‘ಮನೆಯ ನೆನಪು’ ಎಂದೊಡನೆ ಅದನ್ನು ಅಕ್ಕತಂಗಿಯರ ಹೆಗಲಿಗೆ ಹೊರಿಸುವುದು ನಮ್ಮಲ್ಲಿ ಸುಲಭ. ಹುಡುಗಿಯರಿಗೆ ಅಡುಗೆಮನೆಯ ಕೆಲಸ ಈಗಾಗಲೇ ಸಾಕಷ್ಟಿದೆ. ಅಂಬಾಡೆ ಕಿ ಭಾಜಿ, ದಾಲ್ಚಾ ನೀವು ಬರೆದುಕೊಳ್ಳಿ. ಒಮ್ಮೆ ಮಾಡಿಯೂ ನೋಡಿ.

ಕಳೆದ ವರ್ಷ ಬಂದ ಹಾಳೆಗಳಲ್ಲಿ ಒಂದನ್ನು ಇಲ್ಲಿ ವಿವರವಾಗಿ ಹೇಳುತ್ತೇನೆ. ವಾಣಿಜ್ಯ ವಿಭಾಗದ ಒಬ್ಬ ಹುಡುಗ ‘ದಾದಾನ ಬಗ್ಗೆ ತಿಳಿದುಕೊಳ್ಳುತ್ತೇನೆ’ ಎಂದು ಬರೆದಿದ್ದ. ಅವನ ದಾದಾ ಬೀದರಿನ ಹಳೇ ಊರಿನಲ್ಲಿ ಹಲವು ವರ್ಷ ಬಿದರಿ ಕೆಲಸ ಮಾಡಿದವರು. ಈಗ ಕಣ್ಣು ಮಂಜು. ಮಗ ಆ ಕಸುಬಿಗೆ ಬರಲಿಲ್ಲ, ಮೊಮ್ಮಗನೂ ಬರುವುದಿಲ್ಲ. ಬಿದರಿಗೆ 2006ರಲ್ಲಿ ಭೌಗೋಳಿಕ ಸೂಚ್ಯಂಕ ಸಿಕ್ಕಿತು, ನಮ್ಮೂರಿನ ಶಾ ರಶೀದ್ ಅಹ್ಮದ್ ಖಾದ್ರಿಯವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಇದೆಲ್ಲ ನಿಮಗೆ ಗೊತ್ತಿದೆ. ಆದರೆ ಪ್ರಶಸ್ತಿ ಬಾರದ ಕೈಗಳಲ್ಲಿರುವ ವಿದ್ಯೆ ಆ ಕೈಗಳ ಜೊತೆಗೇ ಹೋಗುತ್ತದೆ. ಈ ಕಸುಬಿನಲ್ಲಿ ನಕ್ಷೆಯನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳದೆ ನೇರವಾಗಿ ಲೋಹದ ಮೇಲೆ ಉಕ್ಕಿನ ಮೊನೆಯಿಂದ ಗೀರುವವರೇ ಹೆಚ್ಚು. ಅವನ ದಾದಾ ಕೂಡ ಹಾಗೆಯೇ.

ನಾವಿಬ್ಬರೂ ಕುಳಿತು ಆ ಸಾಲನ್ನು ತಿದ್ದಿದೆವು. ‘ಪ್ರತಿ ಭಾನುವಾರ ಅಸರ್ ನಮಾಜಿನ ನಂತರ, ಚಹಾ ಕುಡಿಯುವಾಗ, 20 ನಿಮಿಷ ದಾದಾನ ಜೊತೆ ಕೂರುತ್ತೇನೆ. ಒಂದು ವಾರಕ್ಕೆ ಕೆಲಸದ ಒಂದೇ ಹಂತ ಕೇಳುತ್ತೇನೆ. ತಿಂಗಳಿಗೊಂದು ನಕ್ಷೆಯನ್ನು ನಾನೇ ಕೈಯಿಂದ ಬರೆಯುತ್ತೇನೆ.’ ಮನೆಯ ಸಾಲು, ಕೈಯ ಸಾಲು ಎರಡೂ ಒಂದಾದವು.

ಮೊದಲ ಭಾನುವಾರ ಏನೂ ಸಿಗಲಿಲ್ಲವಂತೆ. ‘ಹೇಗೆ ಮಾಡುತ್ತಿದ್ದಿರಿ ದಾದಾ?’ ಎಂದರೆ, ‘ಎಲ್ಲರೂ ಮಾಡಿದ ಹಾಗೆಯೇ ಬೇಟಾ’ ಎಂದು ಸುಮ್ಮನಾದರಂತೆ. ಮುಂದಿನ ವಾರ ಅವನು ಮನೆಯಲ್ಲಿದ್ದ ಹಳೆಯ ಬಿದರಿ ಡಬ್ಬಿಯೊಂದನ್ನು ಅವರ ಕೈಗೆ ಕೊಟ್ಟ. ಬೆರಳು ಬೆಳ್ಳಿಯ ಮೇಲೆ ಓಡಿದ ಕೂಡಲೇ ಮಾತು ಶುರುವಾಯಿತು. ಸತುವೇ ಹೆಚ್ಚು, ತಾಮ್ರ ಸ್ವಲ್ಪ ಸೇರಿಸಿ ಎರಕ ಹೊಯ್ಯುವುದು; ಅರದಿಂದ ಉಜ್ಜಿ ನುಣುಪು ಮಾಡಿ, ಗೆರೆ ಕಾಣಲೆಂದು ಮೈಲುತುತ್ತದ ನೀರು ಬಳಿದು ತಾತ್ಕಾಲಿಕವಾಗಿ ಕಪ್ಪಾಗಿಸುವುದು; ಗೆರೆ ಕೊರೆದು ಬೆಳ್ಳಿಯ ತಂತಿ ಕೂರಿಸಿ ಬಡಿಯುವುದು; ಕೊನೆಗೆ ಕೋಟೆಯ ಮಣ್ಣಿಗೆ ನವಸಾಗರ ಬೆರೆಸಿ ಕುದಿಸಿದ ನೀರಿನಲ್ಲಿ ಅದ್ದುವುದು. ಆಗ ಸತುವು ಗಾಢ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ಎಲ್ಲ ಮಣ್ಣೂ ಆಗುವುದಿಲ್ಲ, ನಾಲಿಗೆಗೆ ಹಚ್ಚಿ ನೋಡಿ ಆರಿಸಬೇಕು ಎಂದೂ ದಾದಾ ಹೇಳಿದರು. ವಿಜ್ಞಾನ ವಿಭಾಗದವರು ಈ ಹಂತದ ರಸಾಯನಶಾಸ್ತ್ರವನ್ನು ನಿಮ್ಮ ಉಪನ್ಯಾಸಕರನ್ನು ಕೇಳಿ. ಒಳ್ಳೆಯ ಪ್ರಾಜೆಕ್ಟ್ ಆಗುತ್ತದೆ.

ಹಿರಿಯರಿಗೆ ಪ್ರಶ್ನೆಗಿಂತ ವಸ್ತು ಕೊಡಿ ಎಂದು ಆ ಡಬ್ಬಿಯಿಂದ ನಾನೂ ಕಲಿತೆ. ಹಳೆಯ ಫೋಟೋ, ರೇಷನ್ ಕಾರ್ಡ್, ಹೊಲಿಗೆ ಯಂತ್ರ, ಸಂದೂಕಿನ ಬೀಗದ ಕೈ, ಏನಾದರೂ ಸರಿ. ಆ ಹುಡುಗ ಈಗ ದ್ವಿತೀಯ ಪಿಯುಸಿಯಲ್ಲಿದ್ದಾನೆ. ಅವನ ನೋಟ್‌ಬುಕ್ಕಿನಲ್ಲಿ 11 ನಕ್ಷೆಗಳಿವೆ. ಮೊದಲನೆಯ ಅಶರ್ಫಿ ಬೂಟಿ ಸೊಟ್ಟಗಿದೆ. ಮೂರನೆಯದರ ಹೊತ್ತಿಗೆ ದಾದಾ ಕಾಗದವನ್ನು ಕಣ್ಣಿನ ಹತ್ತಿರ ಹಿಡಿದು, ‘ಬಳ್ಳಿ ಇಲ್ಲಿ ಉಸಿರಾಡಬೇಕು, ಜಾಗ ಬಿಡು’ ಎಂದು ತಿದ್ದುವ ಮಟ್ಟಕ್ಕೆ ಬಂದಿದ್ದರು.

ಮನೆಯ ಕಥೆಗಳಿಂದ ನಮಗೇನು ಪ್ರಯೋಜನ ಎಂದು ಕೇಳುವವರಿದ್ದೀರಿ. ಅಟ್ಲಾಂಟಾದ ಎಮೊರಿ ವಿಶ್ವವಿದ್ಯಾಲಯದ ಮಾರ್ಷಲ್ ಡ್ಯೂಕ್ ಮತ್ತು ರಾಬಿನ್ ಫಿವುಶ್ ಮಕ್ಕಳಿಗೆ 20 ಪ್ರಶ್ನೆ ಕೇಳಿದರು: ನಿನ್ನ ತಂದೆತಾಯಿ ಎಲ್ಲಿ ಬೆಳೆದರು ಗೊತ್ತೇ, ನೀನು ಹುಟ್ಟಿದಾಗ ಏನಾಯಿತು ಗೊತ್ತೇ, ಇಂಥವು. ಹೆಚ್ಚು ‘ಹೌದು’ ಎಂದ ಮಕ್ಕಳಲ್ಲಿ ಆತ್ಮಗೌರವವೂ, ಬದುಕು ತಮ್ಮ ಹಿಡಿತದಲ್ಲಿದೆ ಎಂಬ ಭಾವನೆಯೂ ಹೆಚ್ಚಿದ್ದವು. ಉತ್ತರಗಳನ್ನು ಬಾಯಿಪಾಠ ಮಾಡಿಸಿದರೆ ಇದು ಬರುವುದಿಲ್ಲ ಎಂಬುದನ್ನು ಡ್ಯೂಕ್ ಅವರೇ ಸ್ಪಷ್ಟಪಡಿಸಿದ್ದಾರೆ. ಒಟ್ಟಿಗೆ ಕುಳಿತು ಉಣ್ಣುವಾಗ, ಹೇಳುವಾಗ, ಕೇಳುವಾಗ ಆಗುವಂಥದ್ದು ಅದು. ಎರಡು ವರ್ಷ ಕಳೆದರೆ ನಿಮ್ಮಲ್ಲಿ ಅನೇಕರು ಬೆಂಗಳೂರು, ಹೈದರಾಬಾದಿನ ಹಾಸ್ಟೆಲುಗಳಲ್ಲಿರುತ್ತೀರಿ. ಮನೆಯ ದಸ್ತರ್‌ಖಾನಿನಲ್ಲಿ ದಿನವೂ ಕೂರುವ ಅವಕಾಶ ಇರುವುದು ಈಗಲೇ.

ಇನ್ನು ಇದನ್ನು ನಡೆಸಿಕೊಂಡು ಹೋಗುವ ಬಗೆ. ಮೇಲಿನ ಸಾಲಿನಲ್ಲಿ ‘ಅಸರ್ ನಮಾಜಿನ ನಂತರ’ ಎಂದು ಬರೆದದ್ದಕ್ಕೆ ಕಾರಣವಿದೆ. ಜರ್ಮನಿಯ ಪೀಟರ್ ಗೋಲ್ವಿಟ್ಜರ್ 1997ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ವಿದ್ಯಾರ್ಥಿಗಳು ಹಬ್ಬದ ರಜೆಯಲ್ಲಿ ಒಂದು ಚಿಕ್ಕ ವರದಿ ಬರೆಯಬೇಕಿತ್ತು. ಎಲ್ಲಿ, ಯಾವಾಗ ಬರೆಯುತ್ತೇನೆಂದು ಮೊದಲೇ ನಿಶ್ಚಯಿಸಿಕೊಂಡವರಲ್ಲಿ ಸಮಯಕ್ಕೆ ಸರಿಯಾಗಿ ಮುಗಿಸಿದವರ ಪ್ರಮಾಣ ಉಳಿದವರಿಗಿಂತ ಎರಡು ಪಟ್ಟಿಗೂ ಹೆಚ್ಚಿತ್ತು. ನಮ್ಮ ಮನೆಗಳಲ್ಲಿ ದಿನಕ್ಕೆ ಐದು ಸಲ ಸಮಯ ತಾನಾಗಿಯೇ ಗುರುತಾಗುತ್ತದೆ. ಯಾವುದಾದರೊಂದಕ್ಕೆ ನಿಮ್ಮ ಕೆಲಸವನ್ನು ಕಟ್ಟಿಹಾಕಿ. ‘21 ದಿನದಲ್ಲಿ ಅಭ್ಯಾಸವಾಗುತ್ತದೆ’ ಎಂಬ ವಾಟ್ಸಾಪ್ ಮಾತನ್ನು ನಂಬಬೇಡಿ. ಲಂಡನ್ನಿನ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರನ್ನು ಗಮನಿಸಿದಾಗ ಸರಾಸರಿ 66 ದಿನ ಬೇಕಾಯಿತು. ಕೆಲವರಿಗೆ 18 ಸಾಕಾದರೆ, ಇನ್ನು ಕೆಲವರಿಗೆ 254 ದಿನ ಹಿಡಿಯುವ ಅಂದಾಜು. ಒಂದು ದಿನ ತಪ್ಪಿದರೆ ಹೆಚ್ಚೇನೂ ಕೆಡುವುದಿಲ್ಲ ಎಂಬುದೂ ಅದೇ ಅಧ್ಯಯನದಲ್ಲಿದೆ.

‘ಹವ್ಯಾಸ ಎಂದರೆ ಓದು ಹಾಳು’ ಎನ್ನುವ ಪೋಷಕರು ನನ್ನನ್ನೂ ಭೇಟಿಯಾಗಿದ್ದಾರೆ. ಅವರ ಆತಂಕ ಸುಳ್ಳಲ್ಲ, ಆದ್ದರಿಂದಲೇ ವಾರಕ್ಕೆ 20 ನಿಮಿಷ ಎಂದದ್ದು. ಪರೀಕ್ಷೆ ಹತ್ತಿರ ಬಂದಾಗ ನಿಲ್ಲಿಸಿ, ಮುಗಿದ ಮೇಲೆ ಮತ್ತೆ ಹಿಡಿಯಿರಿ. ಕೆ. ಎಸ್. ನಿಸಾರ್ ಅಹಮದ್ ಭೂವಿಜ್ಞಾನದ ಅಧ್ಯಾಪಕರಾಗಿದ್ದುಕೊಂಡೇ ಕವಿತೆ ಬರೆದರು. ಬೊಳುವಾರು ಮಹಮದ್ ಕುಂಞಿ ಬ್ಯಾಂಕಿನಲ್ಲಿದ್ದರು. ಬಾನು ಮುಷ್ತಾಕ್ ಹಾಸನದಲ್ಲಿ ವಕೀಲರು. ಅವರ 12 ಕಥೆಗಳ ಇಂಗ್ಲಿಷ್ ಅನುವಾದಕ್ಕೆ 2025ರ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು. ಮೊದಲನೆಯ ಮತ್ತು ಕೊನೆಯ ಕಥೆಯ ನಡುವೆ ಮೂರು ದಶಕಗಳಿವೆ. ನಿಮಗೆ ಪ್ರಶಸ್ತಿ ಬರಬೇಕೆಂದು ಈ ಹೆಸರುಗಳನ್ನು ಹೇಳುತ್ತಿಲ್ಲ. ಹೊಟ್ಟೆಪಾಡಿನ ಕೆಲಸದ ಪಕ್ಕದಲ್ಲೇ ಇನ್ನೊಂದು ಕೆಲಸಕ್ಕೆ ಜಾಗ ಇರುತ್ತದೆ ಎಂಬುದಕ್ಕೆ ಹೇಳುತ್ತಿದ್ದೇನೆ.

ಮೊಬೈಲಿನಲ್ಲಿ ಧ್ವನಿ ಮುದ್ರಿಸಿದರೆ ಸಂತೋಷ, ಆದರೆ ಮೊದಲು ಅವರ ಅನುಮತಿ ಕೇಳಿ. ಫೋನ್ ಕೆಟ್ಟರೆ ಎಲ್ಲವೂ ಹೋಗುತ್ತದೆ, ಹಾಗಾಗಿ ಮುಖ್ಯವಾದದ್ದನ್ನು 200 ಪುಟದ ನೋಟ್‌ಬುಕ್ಕಿನಲ್ಲಿ ತಾರೀಕಿನೊಂದಿಗೆ ಬರೆಯಿರಿ. ಫೋಟೋದ ಹಿಂದೆ ಪೆನ್ಸಿಲಿನಲ್ಲಿ ಹೆಸರು ಬರೆಯಿರಿ.

ಮೊದಲ ಭಾನುವಾರಕ್ಕೆ ಏನು ಕೇಳಬೇಕೆಂದು ಹೊಳೆಯದವರು ಇವುಗಳಲ್ಲಿ ಒಂದನ್ನು ಆರಿಸಿಕೊಳ್ಳಿ: ನಿಮ್ಮ ಮೊದಲ ಸಂಬಳ ಎಷ್ಟು, ಅದರಲ್ಲಿ ಏನು ಕೊಂಡಿರಿ? ಮದುವೆಯ ದಿನ ಬಗಾರಾ ಖಾನಾ ಬೇಯಿಸಿದವರು ಯಾರು? ಈ ಮನೆಯಲ್ಲಿ ಕರೆಂಟ್ ಬಂದ ರಾತ್ರಿ ನೆನಪಿದೆಯೇ? ನೀವು ಶಾಲೆ ಬಿಟ್ಟದ್ದು ಯಾವ ತರಗತಿಯಲ್ಲಿ, ಯಾಕೆ?