ಗಿರಣಿಯ ಗೋಡೆಗಳು

ನದಿಯ ದಡದಲ್ಲಿ ಊರು ಹುಟ್ಟುತ್ತದೆ. ಊರಿನೊಡನೆ ದುಡಿಮೆ ಬೆಳೆಯುತ್ತದೆ. ಆ ದುಡಿಮೆಯ ಕಾಲ ಮುಗಿದ ಮೇಲೆ, ಅದಕ್ಕೆ ಆಶ್ರಯವಿತ್ತ ಕಟ್ಟಡಗಳ ಗತಿಯೇನು? ಅವುಗಳನ್ನು ಕೆಡವಬೇಕೆ, ಹಾಗೆಯೇ ಬಿಡಬೇಕೆ, ಅಥವಾ ಬೇರೊಂದು ಕೆಲಸಕ್ಕೆ ಒಗ್ಗಿಸಬೇಕೆ? ಹಳೆಯ ಕೈಗಾರಿಕಾ ನಗರಗಳನೇಕವು ಈ ಪ್ರಶ್ನೆಯನ್ನು ಎದುರಿಸಿವೆ. ಒಂದೇ ಜಲಪಾತದ ಎರಡು ದಡಗಳಲ್ಲಿ ಇದಕ್ಕೆ ಮೂರು ಬಗೆಯ ಉತ್ತರಗಳನ್ನು ಕಂಡುಕೊಂಡ ನಗರ ಅಮೆರಿಕದ ಮಿನಿಯಾಪೊಲಿಸ್.

ಈ ನಗರದ ನಡುವೆ ಹರಿಯುವ ಮಿಸಿಸಿಪಿ ನದಿಯು ಸೇಂಟ್ ಆಂಟನಿ ಎಂಬಲ್ಲಿ ಧುಮುಕುತ್ತದೆ. ಆ ಮಹಾನದಿಯಲ್ಲಿ ಇಂತಹ ದೊಡ್ಡ ಜಲಪಾತ ಮತ್ತೊಂದಿಲ್ಲ. ಅಲ್ಲಿನ ಮೂಲನಿವಾಸಿಗಳಾದ ಡಕೋಟ ಜನರಿಗೆ ಅದು ಪವಿತ್ರ ಸ್ಥಳ. ಒವಾಮ್ನಿಯೋಮ್ನಿ ಎಂಬುದು ಅವರು ಇಟ್ಟ ಹೆಸರು. ಹತ್ತೊಂಬತ್ತನೆಯ ಶತಮಾನದಲ್ಲಿ ಬಂದು ನೆಲೆಸಿದವರಿಗೆ ಅದು ಶಕ್ತಿಯ ಭಂಡಾರವಾಗಿ ಕಂಡಿತು. ನೀರನ್ನು ಕಾಲುವೆಯಲ್ಲಿ ತಿರುಗಿಸಿ, ಎತ್ತರದಿಂದ ಬೀಳಿಸಿ, ಅದರ ಬಲದಿಂದ ಚಕ್ರಗಳನ್ನು ತಿರುಗಿಸಿದರು. ಮೊದಲು ಮರ ಕೊಯ್ಯುವ ಗಿರಣಿಗಳೂ ಅನಂತರ ಹಿಟ್ಟಿನ ಗಿರಣಿಗಳೂ ಎದ್ದವು. ಸುಮಾರು 1880ರಿಂದ 1930ರವರೆಗೆ ಗೋಧಿಹಿಟ್ಟಿನ ಉತ್ಪಾದನೆಯಲ್ಲಿ ಜಗತ್ತಿಗೇ ಮೊದಲನೆಯ ನಗರವೆಂಬ ಕೀರ್ತಿ ಮಿನಿಯಾಪೊಲಿಸಿಗೆ ಸಂದಿತು.

ಆದರೆ ಈ ಕೀರ್ತಿ ಸುಲಭವಾಗಿ ಬಂದುದಲ್ಲ. ಪಶ್ಚಿಮ ದಡದಲ್ಲಿ ಕ್ಯಾಡ್ವಾಲಡರ್ ವಾಷ್‌ಬರ್ನ್ ಎಂಬ ಉದ್ಯಮಿಯು 1874ರಲ್ಲಿ ವಾಷ್‌ಬರ್ನ್ ‘ಎ’ ಗಿರಣಿಯನ್ನು ಕಟ್ಟಿಸಿದನು. ಗೋಧಿಯನ್ನು ಬೀಸುವಾಗ ಏಳುವ ಹಿಟ್ಟಿನ ದೂಳು ನೋಡಲು ನಿರುಪದ್ರವಿ. ಆದರೆ ಮುಚ್ಚಿದ ಕಟ್ಟಡದ ಗಾಳಿಯಲ್ಲಿ ಅದು ದಟ್ಟವಾಗಿ ಹರಡಿದಾಗ ಒಂದು ಕಿಡಿ ಸಾಕು, ಸಿಡಿಮದ್ದಿನಂತೆ ಸ್ಫೋಟಿಸುತ್ತದೆ. 1878ರ ಮೇ 2ರ ಸಂಜೆ ನಡೆದುದು ಇದೇ. ಹಗಲು ಪಾಳಿಯವರು ಮನೆಗೆ ತೆರಳಿದ್ದರು. ಒಳಗಿದ್ದ ಹದಿನಾಲ್ವರು ಕಾರ್ಮಿಕರು ಕ್ಷಣಮಾತ್ರದಲ್ಲಿ ಪ್ರಾಣ ಕಳೆದುಕೊಂಡರು. ನೆರೆಯ ಗಿರಣಿಗಳಿಗೂ ಬೆಂಕಿ ಹಬ್ಬಿತು. ಸತ್ತವರ ಸಂಖ್ಯೆ ಹದಿನೆಂಟಕ್ಕೆ ಏರಿತು. ಬೀಸುಕಲ್ಲುಗಳ ತಿಕ್ಕಾಟದಿಂದ ಕಿಡಿ ಹಾರಿರಬೇಕೆಂದು ಊಹಿಸಲಾಯಿತು.

1880ರ ವೇಳೆಗೆ ಗಿರಣಿಯು ಮತ್ತೆ ಎದ್ದು ನಿಂತಿತು. ದೂಳನ್ನು ಹೀರಿ ಹಿಡಿಯುವ ಯಂತ್ರಗಳು ಬಂದವು. ಬೀಸುಕಲ್ಲುಗಳ ಸ್ಥಾನದಲ್ಲಿ ಉಕ್ಕಿನ ಉರುಳೆಗಳು ತಿರುಗತೊಡಗಿದವು. ಉನ್ನತಿಯ ದಿನಗಳಲ್ಲಿ ಅದು ನೂರಕ್ಕೂ ಹೆಚ್ಚು ರೈಲು ವ್ಯಾಗನ್ನುಗಳಷ್ಟು ಗೋಧಿಯನ್ನು ಒಂದೇ ದಿನದಲ್ಲಿ ಬೀಸುತ್ತಿತ್ತು. ಕಾಲ ಬದಲಾಯಿತು. ಹಿಟ್ಟಿನ ಉದ್ಯಮ ಬಫಲೋ ಮೊದಲಾದ ನಗರಗಳತ್ತ ಸರಿಯಿತು. 1965ರಲ್ಲಿ ಈ ಗಿರಣಿಯ ಬಾಗಿಲು ಮುಚ್ಚಿತು; 1991ರಲ್ಲಿ ಪಾಳುಬಿದ್ದ ಕಟ್ಟಡವನ್ನು ಬೆಂಕಿ ಬಹುಮಟ್ಟಿಗೆ ನುಂಗಿತು. ಸುಟ್ಟ ಗೋಡೆಗಳು ಮಾತ್ರ ನಿಂತಿದ್ದವು.

ಈ ಗೋಡೆಗಳನ್ನು ನಗರವು ಕೆಡವಲಿಲ್ಲ. ಆಧಾರ ಕೊಟ್ಟು ನಿಲ್ಲಿಸಿತು. ಅವುಗಳ ನಡುವೆಯೇ ಹೊಸ ಕಟ್ಟಡವನ್ನು ರಚಿಸಿ, 2003ರಲ್ಲಿ ಮಿಲ್ ಸಿಟಿ ವಸ್ತುಸಂಗ್ರಹಾಲಯವನ್ನು ತೆರೆಯಲಾಯಿತು. ಅಲ್ಲಿ ಗಿರಣಿಯ ಯಂತ್ರಗಳನ್ನೂ ದುಡಿದವರ ಕಥೆಯನ್ನೂ ಯಾರು ಬೇಕಾದರೂ ಕಂಡು ತಿಳಿಯಬಹುದು. ಇದು ಮೊದಲನೆಯ ಉತ್ತರ.

ಅದೇ ದಡದಲ್ಲಿ ನಾರ್ತ್ ಸ್ಟಾರ್ ಎಂಬ ಉಣ್ಣೆಯ ಗಿರಣಿಯಿತ್ತು. 1864ರಲ್ಲಿ ಸ್ಥಾಪನೆಯಾದ ಇದು ಕಂಬಳಿಗಳಿಗೆ ಹೆಸರಾಗಿತ್ತು. 1990ರ ದಶಕದ ಕೊನೆಯಲ್ಲಿ ಇದನ್ನು ಕಾಂಡೋಮಿನಿಯಂ ಮನೆಗಳಾಗಿ ಮಾರ್ಪಡಿಸಿದರು. ಕಾಂಡೋಮಿನಿಯಂ ಎಂದರೆ ಒಳಗಿನ ಮನೆ ಕೊಂಡವನದು. ಮೆಟ್ಟಿಲು, ಛಾವಣಿ, ನೆಲ ಎಲ್ಲ ಮಾಲೀಕರಿಗೂ ಸೇರಿದ್ದು. ಯಂತ್ರಗಳಿಗಾಗಿ ಕಟ್ಟಿದ ಎತ್ತರದ ಅಂತಸ್ತುಗಳೂ ದೊಡ್ಡ ಕಿಟಕಿಗಳೂ ಹೊಳೆಯ ನೋಟವೂ ಈಗ ಅನುಕೂಲಸ್ಥರಿಗೆ ಪ್ರಿಯವಾದವು. ಕಟ್ಟಡದ ಮೇಲೆ ಹಳೆಯ ಕಂಬಳಿಯ ಫಲಕ ಇಂದಿಗೂ ಉಳಿದಿದೆ; ಕಂಬಳಿ ನೇಯ್ದವರಂಥ ಕೂಲಿಯ ಜನ ಮಾತ್ರ ಅಲ್ಲಿ ಮನೆ ಕೊಳ್ಳಲಾರರು. ಇದು ಎರಡನೆಯ ಉತ್ತರ.

ಪೂರ್ವ ದಡದಲ್ಲಿರುವ ಪಿಲ್ಸ್‌ಬರಿ ‘ಎ’ ಗಿರಣಿ 1881ರದು. ಹಲವು ದಶಕಗಳ ಕಾಲ ಜಗತ್ತಿನ ಅತಿ ದೊಡ್ಡ ಹಿಟ್ಟಿನ ಗಿರಣಿಯೆನಿಸಿತ್ತು. 2003ರಲ್ಲಿ ಅದೂ ನಿಂತಿತು. 2010ರ ದಶಕದಲ್ಲಿ ಅದನ್ನು 255 ಬಾಡಿಗೆ ಮನೆಗಳಾಗಿ ಪರಿವರ್ತಿಸಿದರು. ಅವು ಮಿತವಾದ ಆದಾಯವುಳ್ಳ ಕಲಾವಿದರಿಗೆ ಮೀಸಲು. ಚಾರಿತ್ರಿಕ ಕಟ್ಟಡಗಳ ದುರಸ್ತಿಗೆ ಸರ್ಕಾರ ನೀಡುವ ತೆರಿಗೆ ರಿಯಾಯಿತಿ ಇದಕ್ಕೆ ನೆರವಾಯಿತು. ಹಿಂದೆ ಗಿರಣಿಯನ್ನು ತಿರುಗಿಸಿದ ನದಿಯ ನೀರಿನಿಂದಲೇ ವಿದ್ಯುತ್ತನ್ನು ಪಡೆಯುವ ಏರ್ಪಾಡೂ ಅಲ್ಲಿದೆ. ಇದು ಮೂರನೆಯ ಉತ್ತರ.

ಮೂರರಲ್ಲಿ ಯಾವುದು ಸರಿ? ಅವಸರದ ತೀರ್ಪು ಸಲ್ಲದು. ಬಳಕೆಯಿಲ್ಲದ ಕಟ್ಟಡ ಬಹುಕಾಲ ಬಾಳದು. ಮಳೆ, ಹಿಮ, ಬೆಂಕಿಗಳಿಗೆ ಅದು ತುತ್ತಾಗುತ್ತದೆ. ದುರಸ್ತಿಗೆ ಹೇರಳ ಹಣ ಬೇಕು. ಮನೆ ಕೊಳ್ಳುವವರು ಹಣ ತಂದುದರಿಂದಲೇ ಎಷ್ಟೋ ಗೋಡೆಗಳು ಉಳಿದಿವೆ ಎಂಬುದನ್ನು ಮರೆಯಬಾರದು. ಆದರೆ ದಡದ ಗಿರಣಿಗಳೆಲ್ಲವೂ ಹೀಗೆ ಸಿರಿವಂತರ ಮನೆಗಳಾದರೆ, ಗೋಡೆ ಉಳಿದೀತು, ಅದರ ಕಥೆ ಉಳಿಯದು. ಹೊಳೆಯೂ ಚರಿತ್ರೆಯೂ ಕೊಂಡವರ ಕಿಟಕಿಯೊಳಗಿನ ನೋಟ ಮಾತ್ರವಾದಾವು.

ಮಡಿದ ಹದಿನೆಂಟು ಮಂದಿಗೆ ನಗರದ ಲೇಕ್‌ವುಡ್ ರುದ್ರಭೂಮಿಯಲ್ಲಿ ಒಂದು ಸ್ಮಾರಕ ಸ್ತಂಭವಿದೆ. ಆದರೆ ಅವರು ದುಡಿದ ಸ್ಥಳದಲ್ಲಿಯೇ, ಸುಟ್ಟ ಗೋಡೆಗಳ ಮುಂದೆ ನಿಂತು ಅವರನ್ನು ನೆನೆಯಲು ಸಾಧ್ಯವಾದುದು, ಒಂದು ಬಾಗಿಲಾದರೂ ಎಲ್ಲರಿಗೂ ತೆರೆದಿರುವುದರಿಂದ. ಕಟ್ಟಡವನ್ನು ಉಳಿಸುವುದು ಕುಶಲಿಗಳ ಕೆಲಸ. ಅದನ್ನು ಯಾರಿಗಾಗಿ ಉಳಿಸಬೇಕೆಂದು ನಿರ್ಧರಿಸುವುದು ಸಮಾಜದ ಹೊಣೆ.

ಅಭ್ಯಾಸ
1. ಹಿಟ್ಟಿನ ದೂಳು ಸ್ಫೋಟಿಸುವುದು ಹೇಗೆ?
2. ಮೂರು ಗಿರಣಿಗಳಿಗೆ ಒದಗಿದ ಹೊಸ ಬಾಳನ್ನು ಹೋಲಿಸಿ ಬರೆಯಿರಿ.
3. ‘ಗೋಡೆ ಉಳಿದೀತು, ಅದರ ಕಥೆ ಉಳಿಯದು’ — ಈ ಮಾತನ್ನು ವಿವರಿಸಿರಿ.
4. ನಿಮ್ಮ ಊರಿನಲ್ಲಿ ಬಳಕೆ ತಪ್ಪಿದ ಹಳೆಯ ಕಟ್ಟಡವೊಂದನ್ನು ಯಾವ ಕೆಲಸಕ್ಕೆ ಬಳಸಬಹುದು? ಕಾರಣ ಸಹಿತ ತಿಳಿಸಿರಿ.