ಕಲಿಯುವವರ ನುಡಿ, ಕಲಿಸುವವರ ಅರಿವು: ವಲಸಿಗರಿಗೆ ಇಂಗ್ಲಿಷ್ ಕಲಿಸಿದ ಸ್ವಯಂಸೇವಕರನ್ನು ಕುರಿತು

1961ರಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದ ಸಿರಾಕ್ಯೂಸ್ ನಗರದಲ್ಲಿ ರೂತ್ ಕಾಲ್ವಿನ್ ಎಂಬ ಗೃಹಿಣಿ ಸ್ಥಳೀಯ ಪತ್ರಿಕೆಯೊಂದರಲ್ಲಿ ಒಂದು ವರದಿಯನ್ನು ಓದಿದರು. ಆ ಒಂದೇ ನಗರದಲ್ಲಿ ಹನ್ನೊಂದು ಸಾವಿರಕ್ಕೂ ಹೆಚ್ಚು ಜನ ದಿನನಿತ್ಯದ ವ್ಯವಹಾರಕ್ಕೆ ಸಾಲುವಷ್ಟು ಓದುಬರಹ ಬಾರದವರು ಎಂಬುದು ಜನಗಣತಿಯನ್ನು ಆಧರಿಸಿದ ಆ ವರದಿಯ ಸಾರ. ಮರುವರ್ಷವೇ ಅವರು ತಮ್ಮ ಮನೆಯ ನೆಲಮಾಳಿಗೆಯನ್ನೇ ಕಚೇರಿಯಾಗಿಸಿಕೊಂಡು ಸ್ವಯಂಸೇವಕರ ಒಂದು ಸಂಸ್ಥೆಯನ್ನು ಆರಂಭಿಸಿದರು. ಮುಂದೆ ಅದು 'ಲಿಟರಸಿ ವಾಲಂಟಿಯರ್ಸ್ ಆಫ್ ಅಮೆರಿಕ' ಎಂಬ ಹೆಸರಿನಿಂದ ದೇಶದ ಉದ್ದಗಲಕ್ಕೂ ಹರಡಿತು. 2002ರಲ್ಲಿ ಅದೇ ನಗರದಲ್ಲಿ ನೆಲೆಗೊಂಡಿದ್ದ ಫ್ರಾಂಕ್ ಲಾಬಾಕ್ ಅವರ ಸಾಕ್ಷರತಾ ಸಂಸ್ಥೆಯೊಡನೆ ಕೂಡಿ 'ಪ್ರೊಲಿಟರಸಿ' ಆಯಿತು. 2006ರಲ್ಲಿ ಕಾಲ್ವಿನ್ ಅವರಿಗೆ ಅಮೆರಿಕದ ಅಧ್ಯಕ್ಷೀಯ ಸ್ವಾತಂತ್ರ್ಯ ಪದಕ ದೊರೆಯಿತು. 2024ರಲ್ಲಿ, ತಮ್ಮ 107ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು.

ಇಷ್ಟು ಚರಿತ್ರೆ ಸಾಕು. ಭಾಷೆಯನ್ನು ಶಾಸ್ತ್ರವಾಗಿ ಓದುವ ವಿದ್ಯಾರ್ಥಿಗೆ ಇದರಲ್ಲಿ ಮುಖ್ಯವಾದದ್ದು ಬೇರೊಂದು ಸಂಗತಿ. ಕಲಿಸುವ ಮನಸ್ಸಿದ್ದವರಿಗೆ ಕೊರತೆ ಇರಲಿಲ್ಲ. ಕಲಿಸುವ ಬಗೆ ಮಾತ್ರ ಅವರಲ್ಲಿ ಯಾರಿಗೂ ತಿಳಿದಿರಲಿಲ್ಲ. ಕಾಲ್ವಿನ್ ಅವರೂ ಶಿಕ್ಷಕಿಯಲ್ಲ. ಹಾಗಾಗಿ ಅವರು ಓದುಶಿಕ್ಷಣದ ತಜ್ಞರ ನೆರವಿನಿಂದ ಮೊದಲು ಸ್ವಯಂಸೇವಕರಿಗೆ ತರಬೇತಿ ಕೊಡುವ ಕ್ರಮವೊಂದನ್ನು ರೂಪಿಸಿದರು. ಇಂಗ್ಲಿಷ್ ಮಾತೃಭಾಷೆಯಾಗಿದ್ದೂ ಓದು ಬಾರದವರಿಗಾಗಿ ಒಂದು ಕೈಪಿಡಿ, ಇಂಗ್ಲಿಷನ್ನೇ ಅರಿಯದ ವಲಸಿಗರು ಮತ್ತು ನಿರಾಶ್ರಿತರಿಗಾಗಿ ಇನ್ನೊಂದು ಕೈಪಿಡಿ ಬಂದವು. ಎರಡೂ ಒಂದೇ ಕೆಲಸವಲ್ಲ ಎಂಬ ತಿಳಿವಳಿಕೆಯೇ ಆ ಸಂಸ್ಥೆಯ ದೊಡ್ಡ ಗಳಿಕೆ. ಮೊದಲಿನವರಿಗೆ ಮಾತು ಇದೆ, ಅಕ್ಷರವಿಲ್ಲ. ಎರಡನೆಯವರಿಗೆ ಆ ಮಾತೇ ಇಲ್ಲ. ಅಕ್ಷರ ಮಾತ್ರ ಅವರ ಸ್ವಂತ ಭಾಷೆಯಲ್ಲಿ ಇರಬಹುದು, ಇಲ್ಲದಿರಲೂಬಹುದು.

ಒಂದು ಭಾಷೆ ಬಲ್ಲವರೆಲ್ಲ ಅದನ್ನು ಕಲಿಸಬಲ್ಲರು ಎಂಬ ಭ್ರಮೆ ಎಲ್ಲೆಡೆಯೂ ಇದೆ. ಕನ್ನಡಿಗರಲ್ಲಿ ತುಸು ಹೆಚ್ಚೇ ಇದ್ದರೂ ಆಶ್ಚರ್ಯವಿಲ್ಲ. 'ನನಗೆ ಹಸಿವಾಗಿದೆ' ಎಂಬ ವಾಕ್ಯದಲ್ಲಿ ಹಸಿದವನಿಗೆ ಚತುರ್ಥೀ ವಿಭಕ್ತಿ ಏಕೆ ಬಂತು ಎಂದು ಪರಭಾಷಿಕನೊಬ್ಬ ಕೇಳಿದರೆ, ಹುಟ್ಟಿದಂದಿನಿಂದ ಕನ್ನಡ ಆಡಿದವನೂ ಒಂದು ಕ್ಷಣ ತಡವರಿಸುತ್ತಾನೆ. ಮಾತೃಭಾಷೆಯನ್ನು ನಾವು ಬಳಸುತ್ತೇವೆ, ನೋಡುವುದಿಲ್ಲ. ಸ್ವಯಂಸೇವಕನ ಮೊದಲ ಪಾಠ ಅವನಿಗೇ ಆಗುತ್ತದೆ: ತನ್ನ ಭಾಷೆಯನ್ನು ಹೊರಗಿನಿಂದ ನೋಡುವ ಪಾಠ.

ಇಂಥ ತರಗತಿಗೆ ಬರುವವರು ಯಾರು ಎಂಬುದನ್ನೂ ಗಮನಿಸಬೇಕು. ಸಿರಾಕ್ಯೂಸ್ ಇಂದು ನಿರಾಶ್ರಿತರು ನೆಲೆಸುವ ನಗರಗಳಲ್ಲೊಂದು. ಬರ್ಮಾದಿಂದ, ಸೊಮಾಲಿಯಾದಿಂದ, ಸುಡಾನಿನಿಂದ ಬಂದವರು ಅಲ್ಲಿದ್ದಾರೆ. 1990ರ ಸುಮಾರಿಗೆ ಭೂತಾನವನ್ನು ತೊರೆಯಬೇಕಾಗಿ ಬಂದು, ನೇಪಾಳದ ಶಿಬಿರಗಳಲ್ಲಿ ಹದಿನೈದು ಇಪ್ಪತ್ತು ವರ್ಷ ಕಳೆದು, 2008ರ ನಂತರ ಅಮೆರಿಕಕ್ಕೆ ಬಂದ ನೇಪಾಳಿ ಭಾಷಿಕರೂ ಇದ್ದಾರೆ. ಅವರಲ್ಲಿ ಹೊಲಗೆಲಸದಲ್ಲಿಯೇ ಬಾಳು ಸವೆಸಿದ ಹಿರಿಯರು ಅನೇಕರು. ಪೆನ್ಸಿಲನ್ನು ಮೊದಲ ಸಲ ಹಿಡಿಯುವವರು. ಹಾಳೆಯ ಮೇಲಿನ ಗೆರೆ ಒಂದು ಧ್ವನಿಯನ್ನು ಸೂಚಿಸುತ್ತದೆ, ಸಾಲು ಎಡದಿಂದ ಬಲಕ್ಕೆ ಸಾಗುತ್ತದೆ ಎಂಬುದು ಅವರಿಗೆ ಹೊಸ ವಿಷಯ. ಆದರೆ ಇಂಥವರನ್ನು ಭಾಷೆ ಇಲ್ಲದವರೆಂದು ತಿಳಿದರೆ ಪಾಠ ಅಲ್ಲಿಗೇ ಕೆಡುತ್ತದೆ. ಮೂರು ಭಾಷೆಗಳಲ್ಲಿ ವ್ಯಾಪಾರ ಮಾಡಬಲ್ಲ ಅನಕ್ಷರಸ್ಥನನ್ನು ಸೊಲ್ಲಾಪುರ, ಅಕ್ಕಲಕೋಟೆಯ ಸಂತೆಯಲ್ಲಿ ಕಂಡವರಿಗೆ ಈ ಮಾತನ್ನು ವಿವರಿಸಬೇಕಿಲ್ಲ.

ತರಬೇತಿಯಲ್ಲಿ ಹೇಳಿಕೊಡುವ ಎಚ್ಚರಿಕೆಗಳಲ್ಲಿ ಒಂದು ತೀರ ಸಣ್ಣದು, ಆದರೆ ಮರೆಯಲಾಗದ್ದು. ಭಾಷಾಪಾಠಗಳೆಲ್ಲ ಸಾಮಾನ್ಯವಾಗಿ ಕುಟುಂಬದಿಂದ ಆರಂಭವಾಗುತ್ತವೆ: ನಿನಗೆ ಎಷ್ಟು ಜನ ಅಣ್ಣತಮ್ಮಂದಿರು, ನಿನ್ನ ತಾಯಿ ಎಲ್ಲಿದ್ದಾರೆ? ಶಾಲೆಯ ಮಗುವಿಗೆ ಇದು ಸುಲಭದ ಪ್ರಶ್ನೆ. ಯುದ್ಧದಿಂದ ತಪ್ಪಿಸಿಕೊಂಡು ಬಂದವನಿಗೆ ಅದೇ ಪ್ರಶ್ನೆ ಗಾಯಕ್ಕೆ ಬೆರಳಿಟ್ಟಂತೆ. ಆದ್ದರಿಂದ ಅನುಭವಿ ಸ್ವಯಂಸೇವಕರು ಬಸ್ಸು, ಅಂಗಡಿ, ಔಷಧಿ, ಮನೆಬಾಡಿಗೆ ಇವುಗಳಿಂದ ತೊಡಗುತ್ತಾರೆ. ಕುಟುಂಬದ ಮಾತನ್ನು ಕಲಿಯುವವರೇ ತೆಗೆಯುವ ತನಕ ಕಾಯುತ್ತಾರೆ.

ಆ ಮಾತು ಬಂದಾಗ ಬಳಕೆಗೆ ಬರುವ ಒಂದು ವಿಧಾನವಿದೆ. ಅದನ್ನು 'ಅನುಭವಭಾಷಾ ವಿಧಾನ' ಎಂದು ಕನ್ನಡಿಸಬಹುದು. ಕಲಿಯುವವಳು ತನಗೆ ಬಂದಷ್ಟು ಇಂಗ್ಲಿಷಿನಲ್ಲಿ ನಾಲ್ಕು ಮಾತು ಹೇಳುತ್ತಾಳೆ: ಇಂದು ಹಿಮ ಬಿತ್ತು, ಬಸ್ಸು ತಪ್ಪಿತು, ಊರಿನಲ್ಲಿ ನಮಗೆ ಏಲಕ್ಕಿ ತೋಟವಿತ್ತು. ಕಲಿಸುವವನು ಅದನ್ನು ಅವಳ ಮಾತುಗಳಲ್ಲಿಯೇ ಬರೆದುಕೊಳ್ಳುತ್ತಾನೆ. ಆ ಬರೆಹವೇ ಅಂದಿನ ಪಠ್ಯ. ಅರ್ಥವು ಮೊದಲೇ ಗೊತ್ತಿರುವುದರಿಂದ ಅವಳ ಗಮನವೆಲ್ಲ ಅಕ್ಷರದ ಮೇಲೆ ನಿಲ್ಲುತ್ತದೆ. ಬರೆದುಕೊಳ್ಳುವಾಗ ತಪ್ಪನ್ನು ತಿದ್ದಬೇಕೇ, ಬೇಡವೇ ಎಂಬುದು ಈ ವಿಧಾನದಲ್ಲಿ ಹಳೆಯ ವಿವಾದ. ತಿದ್ದಿದರೆ ಪಠ್ಯ ಅವಳದಾಗಿ ಉಳಿಯುವುದಿಲ್ಲ. ತಿದ್ದದಿದ್ದರೆ ತಪ್ಪು ಅಚ್ಚೊತ್ತುತ್ತದೆ. ಮೊದಲು ಹೇಳಿದಂತೆ ಬರೆದುಕೊಂಡು, ಅವಳು ನಿರಾಯಾಸವಾಗಿ ಓದಿದ ಮೇಲೆ ಇಬ್ಬರೂ ಕೂಡಿ ತಿದ್ದುವುದೇ ಹೆಚ್ಚು ನ್ಯಾಯವಾದ ದಾರಿ ಎಂದು ತೋರುತ್ತದೆ.

ಇಲ್ಲಿ 'ತಪ್ಪು' ಎಂಬ ಮಾತನ್ನೇ ತುಸು ಪರಿಶೀಲಿಸಬೇಕು. ಅರಬ್ಬೀ ಭಾಷಿಕನು ಇಂಗ್ಲಿಷಿನಲ್ಲಿ 'ಹೀ ಸ್ಟೂಡೆಂಟ್' ಎಂದು ಬಿಡುತ್ತಾನೆ. ಅವನ ಭಾಷೆಯಲ್ಲಿ ವರ್ತಮಾನಕಾಲದ ಇಂಥ ವಾಕ್ಯಕ್ಕೆ ಕ್ರಿಯಾಪದ ಬೇಡ. ಕನ್ನಡಕ್ಕೂ ಬೇಡ: 'ಅವನು ವಿದ್ಯಾರ್ಥಿ'. ಮರಾಠಿಗೆ ಬೇಕು: 'ತೋ ವಿದ್ಯಾರ್ಥೀ ಆಹೇ'. ನೇಪಾಳಿಯವರು ಹಸಿವನ್ನು 'ಮಲಾಈ ಭೋಕ್ ಲಾಗ್ಯೋ' ಎನ್ನುತ್ತಾರೆ. ಮರಾಠಿಯ 'ಮಲಾ ಭೂಕ ಲಾಗಲೀ', ಕನ್ನಡದ 'ನನಗೆ ಹಸಿವಾಗಿದೆ' ಇವೆಲ್ಲ ಒಂದೇ ಅಚ್ಚು. ಎಂ. ಬಿ. ಎಮೆನೊ ಅವರು 1956ರ ಪ್ರಸಿದ್ಧ ಲೇಖನದಲ್ಲಿ ಭಾರತವನ್ನು ಒಂದು 'ಭಾಷಾವಲಯ' ಎಂದು ಕರೆದದ್ದನ್ನು ಐಚ್ಛಿಕ ಕನ್ನಡದ ವಿದ್ಯಾರ್ಥಿಗಳು ಓದಿರುತ್ತಾರೆ. ದ್ರಾವಿಡ, ಆರ್ಯ ಎಂಬ ಕುಲಭೇದವನ್ನು ದಾಟಿ ನೆರೆಹೊರೆಯ ಭಾಷೆಗಳು ಹೇಗೆ ಒಂದೇ ಅಚ್ಚಿಗೆ ಬರುತ್ತವೆ ಎಂಬುದಕ್ಕೆ ಈ ಚತುರ್ಥಿಯೂ ಒಂದು ಸಾಕ್ಷಿ. ಹಾಗೆಯೇ ಉಚ್ಚಾರಣೆ. ಹಳಗನ್ನಡದ 'ಕಣ್', 'ಬಾಳ್' ಮುಂದೆ 'ಕಣ್ಣು', 'ಬಾಳು' ಎಂದು ಸ್ವರಾಂತವಾದವು. ಅದೇ ಪ್ರವೃತ್ತಿ ಇಂಗ್ಲಿಷಿನ 'ಬಸ್' ಅನ್ನು 'ಬಸ್ಸು' ಮಾಡುತ್ತದೆ. ಬರ್ಮೀ ಭಾಷಿಕರು ಇಂಗ್ಲಿಷ್ ಪದದ ಕೊನೆಯ ವ್ಯಂಜನವನ್ನು ನುಂಗುವುದು ಇದರ ಇನ್ನೊಂದು ಮುಖ: ಪದಾಂತ್ಯದ ವ್ಯಂಜನ ತಮ್ಮ ಭಾಷೆಗೆ ಒಗ್ಗದಾಗ ಒಬ್ಬರು ಸ್ವರ ಸೇರಿಸುತ್ತಾರೆ, ಇನ್ನೊಬ್ಬರು ವ್ಯಂಜನವನ್ನೇ ಬಿಡುತ್ತಾರೆ. ಕಲಿಯುವವನ ತಪ್ಪು ಅಜ್ಞಾನದ ಗುರುತಲ್ಲ, ಅವನ ಮೊದಲ ವ್ಯಾಕರಣದ ಗುರುತು. ಇದನ್ನು ಅರಿತವನ ತಿದ್ದುಪಡಿಯಲ್ಲಿ ಸಿಡುಕು ಇರುವುದಿಲ್ಲ.

ಈ ವಿಚಾರವನ್ನು ನೆಲದ ಮೇಲೆ ನಿಂತು ಪರೀಕ್ಷಿಸಿದ ವಿದ್ವಾಂಸರೊಬ್ಬರ ಕೆಲಸ ಗಡಿನಾಡಿನಿಂದಲೇ ಸಾಗಿದೆ. ಜಾನ್ ಗಂಪರ್ಜ್ ಅವರು ರಾಬರ್ಟ್ ವಿಲ್ಸನ್ ಅವರೊಡನೆ 1971ರಲ್ಲಿ ಪ್ರಕಟಿಸಿದ ಪ್ರಬಂಧದ ನೆಲೆ ಸಾಂಗಲಿ ಜಿಲ್ಲೆಯ ಕುಪವಾಡ. ಕನ್ನಡ, ಮರಾಠಿ, ಉರ್ದು ಭಾಷಿಕರು ತಲೆತಲಾಂತರದಿಂದ ಕೂಡಿ ಬಾಳಿದ ಆ ಊರಿನಲ್ಲಿ ಶಬ್ದಗಳು ಬೇರೆಬೇರೆಯಾಗಿ ಉಳಿದು, ವಾಕ್ಯದ ಕಟ್ಟಡ ಒಂದೇ ಆಗಿತ್ತು. 'ಇದು ನಿಮ್ಮ ಮನೆ' ಎಂದು ಉಳಿದ ಕನ್ನಡಿಗರು ನಿಲ್ಲಿಸುವಲ್ಲಿ ಕುಪವಾಡದ ಕನ್ನಡಿಗರು, ಮರಾಠಿಯ 'ಆಹೇ' ಇರುವ ಕಡೆಯಲ್ಲೇ, ಒಂದು 'ಐತಿ'ಯನ್ನು ಸೇರಿಸುತ್ತಿದ್ದರು. ಮನೆಯಲ್ಲಿ ಆಡುವ ಭಾಷೆಯನ್ನು ಯಾರೂ ಬಿಟ್ಟುಕೊಟ್ಟಿರಲಿಲ್ಲ, ಹೊರಗಿನ ವ್ಯವಹಾರವೂ ನಿಂತಿರಲಿಲ್ಲ.

ಇದೇ ಗಂಪರ್ಜ್ ಎಪ್ಪತ್ತರ ದಶಕದಲ್ಲಿ ಇಂಗ್ಲೆಂಡಿನಲ್ಲಿ ದಕ್ಷಿಣ ಏಷ್ಯಾದ ವಲಸಿಗರ ಇಂಗ್ಲಿಷನ್ನು ಅಭ್ಯಾಸಮಾಡಿದರು. 1979ರಲ್ಲಿ ಬಿಬಿಸಿ ಪ್ರಸಾರ ಮಾಡಿದ 'ಕ್ರಾಸ್‌ಟಾಕ್' ಚಿತ್ರ ಮತ್ತು ಅವರ 1982ರ 'ಡಿಸ್ಕೋರ್ಸ್ ಸ್ಟ್ರಾಟಜೀಸ್' ಗ್ರಂಥ ಆ ಕೆಲಸದ ಫಲಗಳು. ಗ್ರಂಥದಲ್ಲಿ ಒಂದು ಪ್ರಸಂಗವಿದೆ. ಬ್ರಿಟನ್ನಿನ ವಿಮಾನನಿಲ್ದಾಣವೊಂದರ ನೌಕರರ ಊಟದ ಮನೆಯಲ್ಲಿ ಭಾರತ, ಪಾಕಿಸ್ತಾನ ಮೂಲದ ಹೆಂಗಸರು ಹೊಸದಾಗಿ ಕೆಲಸಕ್ಕೆ ಸೇರಿದ್ದರು. ಅವರು ಒರಟರು, ಸಹಕರಿಸದವರು ಎಂಬ ದೂರು ಎದ್ದಿತು. ಅವರು ಆಡುತ್ತಿದ್ದ ಮಾತು ತೀರ ಕಡಿಮೆ. ಮಾಂಸದ ಊಟ ಪಡೆದವರಿಗೆ 'ಗ್ರೇವಿ' ಎಂದು ಕೇಳಬೇಕು, ಅಷ್ಟೆ. ಇಂಗ್ಲಿಷ್ ಹೆಂಗಸು ಆ ಪದವನ್ನು ಏರುದನಿಯಲ್ಲಿ ಹೇಳುತ್ತಾಳೆ; ಅದು ಬೇಕೇ ಎಂಬ ವಿನಯದ ಪ್ರಶ್ನೆ. ಇವರು ಇಳಿದನಿಯಲ್ಲಿ ಹೇಳುತ್ತಿದ್ದರು. ಕೇಳುವ ಕಿವಿಗೆ ಅದು ಪ್ರಶ್ನೆಯಾಗದೆ, ಬೇಕಾದರೆ ತಗೋ ಎಂಬ ಉಡಾಫೆಯಾಗಿ ಕೇಳಿಸಿತು. ಆ ಹೆಂಗಸರಿಗೋ, ತಮ್ಮನ್ನು ಕೀಳಾಗಿ ಕಾಣುತ್ತಿದ್ದಾರೆಂಬ ನೋವು. ಧ್ವನಿಮುದ್ರಿಕೆಯನ್ನು ಕೂಡಿ ಕುಳಿತು ಕೇಳಿದ ಮೇಲೆ ಎರಡೂ ಕಡೆಯವರಿಗೆ ಸಂಗತಿ ಹೊಳೆಯಿತು. ಒಂದು ಪದದ ಸ್ವರಭಾರದಿಂದ ಒಬ್ಬಳ ಸ್ವಭಾವವನ್ನೇ ನಿರ್ಣಯಿಸಿಬಿಟ್ಟಿದ್ದರು. ವ್ಯಾಕರಣದ ತಪ್ಪನ್ನು ಜನ ಪರಕೀಯತೆ ಎಂದು ಕ್ಷಮಿಸುತ್ತಾರೆ. ದನಿಯ ತಪ್ಪನ್ನು ಮಾತ್ರ ದುರ್ಗುಣ ಎಂದೇ ಎಣಿಸುತ್ತಾರೆ. ಪುಸ್ತಕ ನೋಡಿ ಪಾಠ ಹೇಳುವ ಸ್ವಯಂಸೇವಕ ತಪ್ಪಿಸಿಕೊಳ್ಳುವುದು ಬಹುಮಟ್ಟಿಗೆ ಇಲ್ಲಿಯೇ.

ಸ್ವಯಂಸೇವೆ ಎಂದ ಮಾತ್ರಕ್ಕೆ ಎಲ್ಲವೂ ಒಳ್ಳೆಯದೇ ಆಗಿತ್ತೆಂದು ತಿಳಿಯುವ ಅಗತ್ಯವಿಲ್ಲ. 1914ರಲ್ಲಿ ಹೆನ್ರಿ ಫೋರ್ಡ್ ಅವರ ಮೋಟಾರು ಕಾರ್ಖಾನೆ ತನ್ನ ವಲಸಿಗ ಕಾರ್ಮಿಕರಿಗಾಗಿ ಇಂಗ್ಲಿಷ್ ಶಾಲೆಯೊಂದನ್ನು ತೆರೆಯಿತು. ದಿನಕ್ಕೆ ಐದು ಡಾಲರು ಕೂಲಿ ಸಾರಿದ ವರ್ಷವೂ ಅದೇ. ಅಲ್ಲಿ ಕಲಿಸಿದವರು ಅದೇ ಕಾರ್ಖಾನೆಯ ನೌಕರರು, ಸ್ವಯಂಸೇವಕರಾಗಿ. ಕಲಿಕೆ ಮುಗಿದಾಗ ನಡೆಯುತ್ತಿದ್ದ ಸಮಾರಂಭ ಹೀಗಿತ್ತು: ವೇದಿಕೆಯ ಮೇಲೆ ಭಾರಿ ಕಡಾಯಿಯೊಂದು. ಕಾರ್ಮಿಕರು ತಮ್ಮತಮ್ಮ ನಾಡಿನ ಉಡುಪಿನಲ್ಲಿ ಒಂದು ಕಡೆಯಿಂದ ಅದರೊಳಗೆ ಇಳಿಯುವರು. ಶಿಕ್ಷಕರು ಉದ್ದನೆಯ ಸೌಟುಗಳಿಂದ ಕಲಕುವರು. ಅವರೇ ಅಮೆರಿಕದ ಉಡುಪಿನಲ್ಲಿ, ಕೈಯಲ್ಲಿ ಬಾವುಟ ಹಿಡಿದು ಹೊರಗೆ ಬರುವರು. ಈ ಶಾಲೆಯಲ್ಲಿ ಇಂಗ್ಲಿಷ್ ಕಲಿತವರು ಸಾವಿರಾರು ಜನ, ಕಲಿತದ್ದು ಅವರಿಗೆ ಉಪಯೋಗವಾದದ್ದೂ ನಿಜ. ಆದರೆ ಕಡಾಯಿಯಲ್ಲಿ ಬಿಟ್ಟುಬಂದದ್ದರ ಲೆಕ್ಕವನ್ನು ಯಾರೂ ಇಡಲಿಲ್ಲ.

ಅದಕ್ಕಿಂತ ಹಿಂದೆಯೇ ಷಿಕಾಗೋದಲ್ಲಿ ಬೇರೊಂದು ದಾರಿ ತೆರೆದಿತ್ತು. 1889ರಲ್ಲಿ ಜೇನ್ ಆಡಮ್ಸ್ ಮತ್ತು ಎಲೆನ್ ಗೇಟ್ಸ್ ಸ್ಟಾರ್ ಸ್ಥಾಪಿಸಿದ ಹಲ್ ಹೌಸ್ ಇಟಲಿ, ಗ್ರೀಸ್, ರಷ್ಯಾ ಮುಂತಾದ ದೇಶಗಳಿಂದ ಬಂದ ಬಡ ವಲಸಿಗರ ಕೇರಿಯ ನಡುವೆ ಇತ್ತು. ಅಲ್ಲಿಯೂ ಸಂಜೆಯ ಇಂಗ್ಲಿಷ್ ತರಗತಿಗಳು ನಡೆಯುತ್ತಿದ್ದವು. ಪೋಲೆಂಡಿನಿಂದ ಬಂದ ಯೆಹೂದಿ ಹುಡುಗಿ ಹಿಲ್ಡಾ ಸಾಟ್ ಅಲ್ಲಿ ಓದಿ, ಮುಂದೆ ಅಲ್ಲಿಯೇ ಹೊಸಬರಿಗೆ ಇಂಗ್ಲಿಷ್ ಕಲಿಸಿದಳು. ವಯಸ್ಕರಿಗೆ ತಕ್ಕ ಪಠ್ಯ ಸಿಗದಿದ್ದಾಗ ಅವಳು ಆರಿಸಿಕೊಂಡದ್ದು ಅಮೆರಿಕದ ಸ್ವಾತಂತ್ರ್ಯ ಘೋಷಣೆಯನ್ನು.

ಅದೇ ಮನೆಯಲ್ಲಿ 1900ರಲ್ಲಿ ಒಂದು ಶ್ರಮ ಸಂಗ್ರಹಾಲಯ ತೆರೆಯಿತು. ವಲಸಿಗ ಹೆಂಗಸರು ತಾವು ಊರಿನಿಂದ ತಂದ ಕೈಗಾರಿಕೆಯನ್ನು, ಮುಖ್ಯವಾಗಿ ನೂಲುವುದನ್ನು, ನೇಯುವುದನ್ನು, ನೋಡಬಂದವರಿಗೆ ಅಲ್ಲಿ ಮಾಡಿ ತೋರಿಸುತ್ತಿದ್ದರು. ಮಗ್ಗದ ಊರಾದ ಸೊಲ್ಲಾಪುರದ ವಿದ್ಯಾರ್ಥಿಗಳು ಈ ಭಾಗವನ್ನು ಆಡಮ್ಸ್ ಅವರ 1910ರ ಆತ್ಮಕಥನದಲ್ಲಿ ಹುಡುಕಿ ಓದಬೇಕು. ಏಂಜಲಿನಾ ಎಂಬ ಇಟಲಿಯ ಹುಡುಗಿ ಹಲ್ ಹೌಸಿನ ಅಡುಗೆ ತರಗತಿಗೆ ಬರುತ್ತಿದ್ದಳು, ತಾಯಿ ಸಂಗ್ರಹಾಲಯಕ್ಕೆ. ತಲೆಗೆ ವಸ್ತ್ರ ಕಟ್ಟಿ, ಒರಟು ಬೂಟು ತೊಟ್ಟ ತಾಯಿಯ ಜೊತೆ ಕಾಣಿಸಿಕೊಳ್ಳಲು ಮಗಳಿಗೆ ನಾಚಿಕೆ. ಹಾಗಾಗಿ ಅವಳು ಬೇರೆ ಬಾಗಿಲಿನಿಂದ ಒಳಗೆ ಹೋಗುತ್ತಿದ್ದಳು. ಒಂದು ಸಂಜೆ, ಶಿಕ್ಷಣ ವಿಭಾಗದಿಂದ ಬಂದವರ ಗುಂಪೊಂದು ತಾಯಿಯ ಸುತ್ತ ನಿಂತು, ಕದಿರಿನಿಂದ ಅವಳು ನೂಲುವುದನ್ನು ಮೆಚ್ಚಿ ನೋಡುತ್ತಿದ್ದುದನ್ನು ಮಗಳು ಕಂಡಳು. ಮನೆಯಲ್ಲಿ ಮಂಚದ ಕೆಳಗಿನ ದೊಡ್ಡ ಪೆಟ್ಟಿಗೆಯಲ್ಲಿ ಮುಚ್ಚಿಟ್ಟಿದ್ದ ಕೈನೂಲಿನ ಬಟ್ಟೆಗಳು ಹೊರಗೆ ಬಂದವು. ಆಮೇಲೆ ಏಂಜಲಿನಾ ತಾಯಿ ಬರುವ ಬಾಗಿಲಿನಿಂದಲೇ ಬರತೊಡಗಿದಳು.