ಕಾಡಿನ ಬೆಂಕಿ ಮತ್ತು ನೆಲಗಪ್ಪೆ

ಕೊಯ್ಲು ಮುಗಿದು ಬಿಸಿಲು ಏರುತ್ತಿದ್ದಂತೆ ಮಲೆನಾಡಿನಲ್ಲಿ ಹೊಗೆಯ ಕಾಲ ಬರುತ್ತದೆ. ಅರಣ್ಯ ಇಲಾಖೆಯವರು ಕಾಡಿನಂಚಿನಲ್ಲಿ ಬೆಂಕಿ ರೇಖೆ ಸುಡುತ್ತಾರೆ. ಬೆಳೆಗಾರರಾದ ನಾವು ಬೇಲಿಯ ಬದಿಯ ತರಗು, ಬೇಣದ ಹುಲ್ಲು, ಸವರಿದ ರೆಂಬೆ ಸುಡುತ್ತೇವೆ. ದೊಡ್ಡ ಬೆಂಕಿ ಬಾರದಿರಲೆಂದು ಮೊದಲೇ ಹಾಕುವ ಈ ಸಣ್ಣ ಬೆಂಕಿಯನ್ನು ನಿಯಂತ್ರಿತ ಬೆಂಕಿ ಎನ್ನುವರು. ಇದರಿಂದ ಮರಗಳಿಗೂ ತೋಟಕ್ಕೂ ಏನಾಗುವುದೆಂದು ನಾವು ಯೋಚಿಸುವುದುಂಟು. ತರಗಿನ ಕೆಳಗೆ ಅಡಗಿರುವ ಕಪ್ಪೆಗಳ ಬಗ್ಗೆ ಯೋಚಿಸುವುದು ಕಡಿಮೆ.

ನಾನೂ ಯೋಚಿಸಿರಲಿಲ್ಲ. ಕೆಲವು ವರ್ಷಗಳ ಹಿಂದೆ, ಹೂಮಳೆ ಬಿದ್ದ ನಾಲ್ಕನೆಯ ದಿನ ಸಂಜೆ, ತೋಟದ ಮೇಲ್ಗಡೆ ತಿಂಗಳುಗಟ್ಟಲೆ ಬಿದ್ದಿದ್ದ ರೆಂಬೆಗಳ ರಾಶಿಗೆ ಬೆಂಕಿ ಕೊಟ್ಟೆ. ಮರುದಿನ ಬೂದಿ ಕೆದಕಿದಾಗ ಏಳು ನೆಲಗಪ್ಪೆಗಳು ಸುಟ್ಟು ಬಿದ್ದಿದ್ದವು. ನಾನು ಕಸವೆಂದು ಬಗೆದ ರಾಶಿಯಲ್ಲಿ ಅವು ಬೇಸಿಗೆ ಕಳೆಯುತ್ತಿದ್ದವು. ರಾತ್ರಿಯಿಡೀ ತೋಟದಲ್ಲಿ ಇರುವೆ, ಗೆದ್ದಲು, ಜೀರುಂಡೆಗಳನ್ನು ಹಿಡಿದು ತಿನ್ನುವ ಕೂಲಿಯಿಲ್ಲದ ಆಳುಗಳನ್ನು ನನ್ನ ಕೈಯಾರೆ ಸುಟ್ಟಿದ್ದೆ.

ಬೇಸಿಗೆಯಲ್ಲಿ ಕಪ್ಪೆ ಎಲ್ಲಿರುತ್ತದೆ?

ಕಪ್ಪೆ ನಮ್ಮಂತೆ ಬಾಯಿಯಿಂದ ನೀರು ಕುಡಿಯುವುದಿಲ್ಲ. ಹೊಟ್ಟೆಯ ಕೆಳಭಾಗದ ಚರ್ಮದಿಂದ ನೆಲದ ತೇವವನ್ನು ಹೀರಿಕೊಳ್ಳುತ್ತದೆ. ಅದೇ ಚರ್ಮದ ಮೂಲಕ ಮೈಯ ನೀರು ಆರಿಹೋಗುವುದೂ ಉಂಟು. ಒರಟು ಚರ್ಮದ ನೆಲಗಪ್ಪೆ ಒಣ ಹವೆಯನ್ನು ತಕ್ಕಮಟ್ಟಿಗೆ ತಾಳಿಕೊಂಡರೂ ಹಗಲಿಗೆ ಅದಕ್ಕೂ ತಂಪು ಬೇಕು. ಆದ್ದರಿಂದ ಬೇಸಿಗೆಯಲ್ಲಿ ಅದು ಬಿದ್ದ ಮರ, ಕಲ್ಲು ಅಥವಾ ತರಗಿನ ಅಡಿ ಸೇರುತ್ತದೆ. ಕೆಲವು ಜಾತಿಯ ಕಪ್ಪೆಗಳು ಹಿಂಗಾಲಿನಿಂದ ಮಣ್ಣು ಅಗೆದು ಆಳಕ್ಕಿಳಿಯುತ್ತವೆ. ಎರೆಹುಳುವಿನಂತೆ ಕಾಣುವ, ಕಾಲಿಲ್ಲದ ಸಿಸಿಲಿಯನ್ ಕೂಡ ಕಪ್ಪೆಯ ಬಳಗದ್ದೇ. ಅದು ಒದ್ದೆ ಮಣ್ಣಿನೊಳಗೆ ವಾಸಿಸುತ್ತದೆ.

ಎಲ್ಲ ಬೆಂಕಿಯೂ ಒಂದೇ ಅಲ್ಲ

ಮಣ್ಣು ಶಾಖವನ್ನು ಬೇಗ ಒಳಗೆ ಬಿಡುವುದಿಲ್ಲ. ತೆಳು ತರಗಿನ ಮೇಲೆ ಬೇಗ ಹಾದುಹೋಗುವ ಬೆಂಕಿಯಿಂದ ಕೆಲವು ಅಂಗುಲ ಕೆಳಗಿರುವ ಜೀವಿ ಸಾಮಾನ್ಯವಾಗಿ ಬದುಕಿಕೊಳ್ಳುತ್ತದೆ. ಆದರೆ ದಪ್ಪ ದಿಮ್ಮಿಯೋ ರೆಂಬೆಯ ರಾಶಿಯೋ ಗಂಟೆಗಟ್ಟಲೆ ಕನಲಿದರೆ ಶಾಖ ಆಳಕ್ಕಿಳಿಯುತ್ತದೆ. ಅಲ್ಲಿ ಅಡಗಿದ್ದುದಕ್ಕೆ ಉಳಿಗಾಲವಿಲ್ಲ.

ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಇದನ್ನು ಅನುಭವದಿಂದ ಬಲ್ಲರು. ಅಲ್ಲಿನ ಎಲೆಯುದುರುವ ಕಾಡಿನಲ್ಲಿ ಅವರು ಹಿಂದೆ ವರ್ಷದ ಮೊದಲ ತಿಂಗಳುಗಳಲ್ಲೇ, ಬಿರುಬಿಸಿಲಿಗೆ ಮುಂಚೆ, ಮೆಲ್ಲನೆಯ ‘ತರಗು ಬೆಂಕಿ’ ಹಾಕುತ್ತಿದ್ದರು. 1974ರಲ್ಲಿ ಅಭಯಾರಣ್ಯವಾದ ಮೇಲೆ ಈ ಪದ್ಧತಿ ನಿಂತಿತು. ಆಮೇಲೆಯೇ ಲಂಟಾನ ಹಬ್ಬಿತೆಂದು ಸೋಲಿಗ ಹಿರಿಯರು ಹೇಳುತ್ತಾರೆ. ಲಂಟಾನದ ಪೊದೆ ಹೊತ್ತಿಕೊಂಡರೆ ಉರಿ ನೆಲದಲ್ಲಿ ನಿಲ್ಲದೆ ಮರಕ್ಕೇರುತ್ತದೆ.

ಉರಿ ಆರಿದ ಮೇಲೂ ಕಷ್ಟ ಮುಗಿಯುವುದಿಲ್ಲ. ಬದುಕುಳಿದ ಕಪ್ಪೆ ಹೊರಬಂದಾಗ ನೆರಳಿಲ್ಲ, ತೇವವಿಲ್ಲ, ಹುಳುಹುಪ್ಪಟೆಯೂ ಕಡಿಮೆ. ಮೊದಲ ದೊಡ್ಡ ಮಳೆಗೆ ಬೂದಿಯೂ ಸಡಿಲ ಮಣ್ಣೂ ಹರಿದು ಹೊಂಡ ಸೇರುತ್ತವೆ. ನೆಲಗಪ್ಪೆ ಮಣಿಸರದಂತೆ ಮೊಟ್ಟೆಯಿಡುವುದು ಇಂಥ ನಿಂತ ನೀರಿನಲ್ಲಿಯೇ.

ಕಾಲವೂ ಸ್ಥಳವೂ ಮುಖ್ಯ

ಬೆಂಕಿಯೇ ಬೇಕಾದ ಕಾಡುಗಳೂ ಇವೆ. ಅಮೆರಿಕದ ಫ್ಲಾರಿಡಾದ ಪೈನ್ ಕಾಡಿನಲ್ಲಿ ಒಂದು ಜಾತಿಯ ಸಲಮಾಂಡರ್, ಅಂದರೆ ಬಾಲವುಳ್ಳ ಉಭಯವಾಸಿ, ಒಣಗಿದ ಹೊಂಡದ ತಳದ ಹುಲ್ಲಿನಲ್ಲಿ ಮೊಟ್ಟೆಯಿಡುತ್ತದೆ. ಹಿಂದೆ ಸಿಡಿಲಿನ ಬೆಂಕಿ ಬೇಸಿಗೆಯಲ್ಲಿ ಆ ಹೊಂಡಗಳ ಪೊದೆಯನ್ನು ಸುಟ್ಟು ಹುಲ್ಲನ್ನು ಉಳಿಸುತ್ತಿತ್ತು. ಮನುಷ್ಯರು ಚಳಿಗಾಲದಲ್ಲಿ ಬೆಂಕಿ ಹಾಕತೊಡಗಿದಾಗ ಹೊಂಡದಲ್ಲಿ ನೀರಿದ್ದುದರಿಂದ ಅದು ಸುಡಲಿಲ್ಲ. ಪೊದೆ ಬೆಳೆದು ಹುಲ್ಲು ಕ್ಷೀಣಿಸಿತು. ಬೆಂಕಿ ಅದೇ ಆದರೂ ಕಾಲ ತಪ್ಪಿದ್ದರಿಂದ ಉಪಕಾರ ಆಗಲಿಲ್ಲ.

ಆಫ್ರಿಕದ ಐವರಿ ಕೋಸ್ಟಿನ ಹುಲ್ಲುಗಾವಲಿನ ಒಂದು ಸಣ್ಣ ಕಪ್ಪೆ, ಬೆಂಕಿಯ ಚಟಪಟ ಸದ್ದು ಕೇಳಿದರೇ ಎಚ್ಚೆತ್ತು ಹಸಿರು ಮರೆಗೆ ಓಡುವುದೆಂದು 2002ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. ಅದು ಬೆಂಕಿಯೊಂದಿಗೇ ಬಾಳಿದ ಜೀವಿ.

ನಮ್ಮ ನಿತ್ಯಹಸುರಿನ ಕಾನುಗಳ ಸಂಗತಿ ಬೇರೆ. ತೇವವೇ ಅವುಗಳ ಸ್ವಭಾವ. ಇಲ್ಲಿನ ಪೊದೆಗಪ್ಪೆಗಳು ನೀರಿನ ಹೊರಗೇ ಮೊಟ್ಟೆಯಿಡುತ್ತವೆ. ಗೊದಮೊಟ್ಟೆಯ ಹಂತವಿಲ್ಲದೆ ಮೊಟ್ಟೆಯಿಂದ ನೇರವಾಗಿ ಮರಿಗಪ್ಪೆ ಬರುತ್ತದೆ. ಉತ್ತರ ಕನ್ನಡದ ಕತ್ತಲೆಕಾನಿನ ಕುಂಬಾರ ಕಪ್ಪೆ ತನ್ನ ಮೊಟ್ಟೆಗೆ ಕೈಯಿಂದ ಕೆಸರು ಮೆತ್ತುವುದನ್ನು 2014ರಲ್ಲಿ ವರದಿ ಮಾಡಲಾಯಿತು. ಇಂಥ ಕಡೆ ಬೆಂಕಿಯಿಂದ ಯಾವ ಲಾಭವೂ ಇಲ್ಲ.

ನಾವು ಮಾಡಬಹುದಾದುದು

1. ತೋಟದಂಚಿನ ಬೆಂಕಿ ರೇಖೆಯನ್ನು ಸಾಧ್ಯವಾದಷ್ಟೂ ಕೆರೆದೇ ಮಾಡಿರಿ. ತರಗನ್ನು ಸುಡುವ ಬದಲು ಗೊಬ್ಬರದ ಗುಂಡಿಗೆ, ಅಡಿಕೆ ಮರದ ಬುಡಕ್ಕೆ ಹಾಕಿರಿ.

2. ಸುಡಲೇಬೇಕಾದರೆ ಬಿಸಿಲು ಬಲಿಯುವ ಮೊದಲೇ ಮುಗಿಸಿರಿ. ಹೂಮಳೆ ಬಿದ್ದ ಮೇಲೆ ಸುಡಬೇಡಿರಿ. ಆಗ ಕಪ್ಪೆಗಳು ಹೊರಬಂದಿರುತ್ತವೆ. ಸಂಜೆಯ ನಂತರವಂತೂ ಬೇಡವೇ ಬೇಡ.

3. ಹಳೆಯ ರಾಶಿಯನ್ನು ಇದ್ದಲ್ಲಿಯೇ ಸುಡದೆ, ಅದೇ ದಿನ ಬೇರೆಡೆಗೆ ಎಳೆದು ಹಾಕಿ ಸುಡಿರಿ.

4. ನಾಲ್ಕೂ ಸುತ್ತ ಬೆಂಕಿ ಕೊಡಬೇಡಿರಿ. ಓಡಲು ಒಂದು ಬದಿ ಬಿಡಿರಿ.

5. ಹಳ್ಳದ ಎರಡೂ ದಂಡೆ, ಹೊಂಡದ ಸುತ್ತಲು, ಬಿದ್ದ ದೊಡ್ಡ ದಿಮ್ಮಿ ಇವುಗಳಿಗೆ ಬೆಂಕಿ ತಾಗದಿರಲಿ.

6. ಕಾಯ್ದಿಟ್ಟ ಅರಣ್ಯಕ್ಕೆ ಬೆಂಕಿ ಹಾಕುವುದು 1963ರ ಕರ್ನಾಟಕ ಅರಣ್ಯ ಕಾಯಿದೆಯಂತೆ ಅಪರಾಧ. ಕಾಡಿನಂಚಿನಲ್ಲಿ ಸುಡುವ ಮುನ್ನ ಅರಣ್ಯ ಸಿಬ್ಬಂದಿಗೆ ತಿಳಿಸಿರಿ.

ಈ ಬೇಸಿಗೆ ಬೆಂಕಿಕಡ್ಡಿ ಗೀರುವ ಮೊದಲು ರಾಶಿಯನ್ನು ಒಮ್ಮೆ ಕೋಲಿನಿಂದ ಎತ್ತಿ ನೋಡಿರಿ. ಐದು ನಿಮಿಷದ ಕೆಲಸ. ಆ ವರ್ಷದಿಂದ ನಾನು ಅದನ್ನು ತಪ್ಪಿಸಿಲ್ಲ.